ಬುಖಾರಾದ ಕಪ್ಪು ಕಾಸು, ಸಮರ್ಖಂಡದ ಸುಳ್ಳು ಬೆಳ್ಳಿ: ಮಧ್ಯ ಏಷ್ಯಾದ ತಾಮ್ರದ ನಾಣ್ಯಗಳ ಗೊಂದಲ ಏನು?

2024ರ ಅಕ್ಟೋಬರ್‌ನಲ್ಲಿ ಉಜ್ಬೇಕಿಸ್ತಾನದಿಂದ ಒಂದು ಸುದ್ದಿ ಬಂತು. ಸಮುದ್ರ ಮಟ್ಟದಿಂದ 2,000 ಮೀಟರಿಗೂ ಎತ್ತರದ ಬೆಟ್ಟದ ಹುಲ್ಲುಗಾವಲಿನಲ್ಲಿ ಮಧ್ಯಯುಗದ ಎರಡು ಊರುಗಳ ನಕ್ಷೆ ಸಿಕ್ಕಿದೆ ಅಂತ. ಅಮೆರಿಕದ ಮೈಕಲ್ ಫ್ರಾಕೆಟ್ಟಿ ಮತ್ತು ಉಜ್ಬೇಕಿಸ್ತಾನದ ಫರ್ಹೋದ್ ಮಕ್ಸೂದೊವ್ ಅವರ ತಂಡ ಡ್ರೋನ್‌ಗೆ ಲೇಸರ್ ಬೆಳಕಿನಿಂದ ನೆಲದ ಏರುತಗ್ಗು ಅಳೆಯುವ ಲೈಡಾರ್ ಯಂತ್ರ ಕಟ್ಟಿ ಹಾರಿಸಿತ್ತು. ಹುಲ್ಲಿನಡಿ ಹೂತುಹೋದ ಗೋಡೆ, ಬೀದಿ, ಕೋಟೆ ಎಲ್ಲ ಕಂಪ್ಯೂಟರ್ ಪರದೆಯ ಮೇಲೆ ಎದ್ದು ಬಂದವು. ಚಿಕ್ಕ ಊರು ತಾಶ್‌ಬುಲಾಕ್, ಸುಮಾರು 12 ಹೆಕ್ಟೇರ್. ದೊಡ್ಡದು ತುಗುನ್‌ಬುಲಾಕ್, ಸುಮಾರು 120 ಹೆಕ್ಟೇರ್.

ಸುದ್ದಿ ಓದಿದವರಿಗೆ ಸಹಜವಾಗಿ ಬಂದ ಪ್ರಶ್ನೆ: ಆ ಕಾಲದಲ್ಲಿ ಈ ಊರಿನ ಹೆಸರೇನು? ಯಾರ ಆಳ್ವಿಕೆ ಇತ್ತು? ಲೈಡಾರ್‌ಗೆ ಗೋಡೆ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಬಯಲಿನ ಊರುಗಳ ವಿಷಯದಲ್ಲಿ ಇಂಥ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಟ್ಟಿದ್ದು ತಾಮ್ರದ ಕಾಸು.

ಆದರೆ ಆ ಕಾಸಿನ ಬಗ್ಗೆ ಬರುವ ಸುದ್ದಿಗಳು ಇನ್ನೂ ತಲೆ ಕೆಡಿಸುತ್ತವೆ. ಚಿತ್ರದ ಕೆಳಗೆ 'ದಿರ್ಹಂ' ಅಂತ ಬರೆದಿರುತ್ತಾರೆ. ದಿರ್ಹಂ ಅಂದರೆ ಬೆಳ್ಳಿ ಅಲ್ವಾ? ಚಿತ್ರದಲ್ಲಿ ನೋಡಿದರೆ ಹಸಿರು ಕಿಲುಬು ಹಿಡಿದ ತಾಮ್ರ. ಇನ್ನೊಂದು ಕಾಸಿನ ಮೇಲೆ ಮೂರು ಜನ ಅರಸರ ಹೆಸರು. ಮತ್ತೊಂದರ ಮೇಲೆ 1428ಕ್ಕೆ ಸಮನಾದ ಇಸವಿ ಇರುತ್ತದೆ, ಪಂಡಿತರು ಮಾತ್ರ 'ಇದು ಅದಕ್ಕಿಂತ ಎಷ್ಟೋ ವರ್ಷ ಆಮೇಲಿನದೂ ಇರಬಹುದು' ಅನ್ನುತ್ತಾರೆ. ಮೂರರಲ್ಲಿ ಯಾವುದೂ ಅಚ್ಚಿನ ತಪ್ಪಲ್ಲ. ಮೂರಕ್ಕೂ ಕಾರಣ ಒಂದೇ. ತಾಮ್ರದ ಕಾಸು ಆಯಾ ಊರಿನ ಹಣ. ಅದರ ಬೆಲೆ ಇದ್ದದ್ದು ಲೋಹದಲ್ಲಿ ಅಲ್ಲ, ಊರಿನ ಅಪ್ಪಣೆಯಲ್ಲಿ.

ಬೆಳ್ಳಿ ಊರೂರು ಸುತ್ತಿತು, ತಾಮ್ರ ಮನೆಯಲ್ಲೇ ಉಳಿಯಿತು

ಬೆಳ್ಳಿ ನಾಣ್ಯವನ್ನು ಕರಗಿಸಿದರೂ ಬೆಲೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದಕ್ಕೇ ಅದು ದೂರ ಹೋಗುತ್ತದೆ. ಬುಖಾರಾ ರಾಜಧಾನಿಯಾಗಿದ್ದ ಸಾಮಾನಿ ಅರಸರು 10ನೇ ಶತಮಾನದಲ್ಲಿ ಸಮರ್ಖಂಡ ಮತ್ತು ಶಾಶ್‌ನಲ್ಲಿ (ಈಗಿನ ತಾಶ್ಕೆಂಟ್ ಸೀಮೆ) ಬೆಳ್ಳಿ ದಿರ್ಹಂಗಳನ್ನು ರಾಶಿರಾಶಿ ಅಚ್ಚು ಹಾಕಿಸಿದರು. ತುಪ್ಪುಳ ತೊಗಲು ಮತ್ತು ಗುಲಾಮರ ವ್ಯಾಪಾರದಲ್ಲಿ ಅವು ವೋಲ್ಗಾ ನದಿಯ ದಾರಿ ಹಿಡಿದು ರಷ್ಯಾ, ಪೋಲೆಂಡ್, ಸ್ವೀಡನ್‌ವರೆಗೆ ಹೋದವು. ಬಾಲ್ಟಿಕ್ ಸಮುದ್ರದ ಗಾಟ್ಲಂಡ್ ದ್ವೀಪದ ರೈತರ ಹೊಲಗಳಲ್ಲಿ ಇವತ್ತಿಗೂ ಪೂರ್ವದ ದಿರ್ಹಂ ಸಿಗುತ್ತವೆ. ಅಲ್ಲಿನ ಜನಕ್ಕೆ ಅದರ ಮೇಲಿನ ಅರಬ್ಬಿ ಅಕ್ಷರ ಓದಲು ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ತಕ್ಕಡಿಗೆ ಹಾಕಿ ತೂಗಿದರೆ ಮುಗಿಯಿತು.

ತಾಮ್ರದ ಕಥೆ ಬೇರೆ. ಅದರ ಹೆಸರು ಫಲ್ಸ್, ಬಹುವಚನ ಫುಲೂಸ್. ಸೊಪ್ಪು, ರೊಟ್ಟಿ, ಸ್ನಾನದ ಮನೆಯ ಬಾಡಿಗೆ, ಕೂಲಿಯವನ ದಿನದ ಲೆಕ್ಕ, ಎಲ್ಲಕ್ಕೂ ಇದೇ. ಕರಗಿಸಿದರೆ ಪಾತ್ರೆ ಅಂಗಡಿಯವನು ಕೊಡುವಷ್ಟೇ ಸಿಗುತ್ತದೆ, ಕಾಸಿಗೆ ಕಟ್ಟಿದ ಬೆಲೆ ಸಿಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಟಂಕಸಾಲೆಯ ಲಾಭ. ಹಾಗಾಗಿ ಪ್ರತಿ ಊರಿನ ಒಡೆಯನಿಗೂ ತನ್ನದೇ ತಾಮ್ರ ಬೇಕು. ಪಕ್ಕದ ಊರಿನ ಕಾಸನ್ನು ಒಪ್ಪಿಕೊಂಡರೆ ಅವನ ಲಾಭಕ್ಕೆ ತನ್ನ ಜನ ದುಡಿದಂತೆ.

ಇನ್ನೂ ಒಂದು ಸರಳ ಕಾರಣ ಇದೆ. ತಾಮ್ರ ಭಾರ ಜಾಸ್ತಿ, ಬೆಲೆ ಕಡಿಮೆ. ಒಂದು ಒಂಟೆ ಹೊರೆ ಚಿಲ್ಲರೆಯನ್ನು ಮರುಭೂಮಿ ದಾಟಿಸಿದರೆ ದಾರಿ ಖರ್ಚಿಗೇ ಸರಿಹೋಗುತ್ತದೆ. ಅದಕ್ಕಿಂತ ಸ್ಥಳದಲ್ಲೇ ತಗಡು ಬಡಿದು, ಬಿಲ್ಲೆ ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದೇ ವಾಸಿ.

ಇದರ ಪರಿಣಾಮ ಇತಿಹಾಸಕಾರರಿಗೆ ವರವಾಯಿತು. ಗಾಟ್ಲಂಡ್‌ನಲ್ಲಿ ಸಮರ್ಖಂಡದ ದಿರ್ಹಂ ಸಿಕ್ಕರೆ ವ್ಯಾಪಾರದ ದಾರಿ ತಿಳಿಯುತ್ತದೆ, ಅಷ್ಟೇ. ಆದರೆ ಒಂದು ಹಾಳು ದಿಬ್ಬದಲ್ಲಿ ಒಂದೇ ಟಂಕಸಾಲೆಯ ತಾಮ್ರದ ಕಾಸು ಮತ್ತೆ ಮತ್ತೆ ಸಿಗುತ್ತಿದ್ದರೆ, ಆ ಟಂಕಸಾಲೆ ಹತ್ತಿರದಲ್ಲೇ ಇತ್ತು ಎನ್ನಬಹುದು. ಎಷ್ಟೋ ಸಲ ಆ ದಿಬ್ಬವೇ ಆ ಊರು.

ಚೌಕ ತೂತಿನ ಕಾಸು ಮತ್ತು ನಮ್ಮ 'ಹಣ'

ಈ ಊರ ಹಣದ ಪದ್ಧತಿ ಇಸ್ಲಾಂ ಬರುವುದಕ್ಕೂ ಮುಂಚಿನದು. 7ನೇ ಶತಮಾನದಲ್ಲಿ ಸಮರ್ಖಂಡದ ಸೊಗ್ದಿ (ಆ ಸೀಮೆಯ ಹಳೇ ಜನ, ಅವರ ಭಾಷೆಯ ಹೆಸರೂ ಅದೇ) ಅರಸರು ಚೀನಾದ ಟಾಂಗ್ ರಾಜ್ಯದ ನಾಣ್ಯ ನೋಡಿ, ನಡುವೆ ಚೌಕ ತೂತಿರುವ ತಾಮ್ರದ ಕಾಸು ಎರಕ ಹೊಯ್ಯಿಸಿದರು. ಆಕಾರ ಚೀನಾದ್ದು, ಅಕ್ಷರ ಸೊಗ್ದಿ, ಜೊತೆಗೆ ಮನೆತನದ ಲಾಂಛನ. ಸಮರ್ಖಂಡದ ಅಫ್ರಾಸಿಯಾಬ್ ದಿಬ್ಬದಲ್ಲಿ ಸಿಕ್ಕ ಗೋಡೆ ಚಿತ್ರಗಳಿಗೆ ಸಂಬಂಧಪಟ್ಟ ಅರಸ ವರ್ಖುಮಾನನ ಹೆಸರಿನ ಕಾಸುಗಳೂ ಇವೆ. ಹತ್ತಿರದ ಪಂಜಿಕೆಂಟ್ ಊರಿಗೆ ಬೇರೆಯದೇ ಕಾಸು. ಅದರ ಮೇಲೆ ಅರಸನ ಹೆಸರಿನ ಬದಲು ನಾನಾ ಎಂಬ ದೇವಿಯ ಹೆಸರು. ತಾಶ್ಕೆಂಟ್ ಸೀಮೆಯದರ ಮೇಲೆ ಸಿಂಹದಂಥ ಪ್ರಾಣಿ. ಊರಿಗೊಂದು ಗುರುತು.

ಇನ್ನೂ ಪೂರ್ವಕ್ಕೆ, ಈಗಿನ ಕಿರ್ಗಿಸ್ತಾನ ಮತ್ತು ಕಜಕಿಸ್ತಾನದ ಕಡೆ ತುರ್ಗೇಶ್ ಎಂಬ ತುರ್ಕಿ ಪಂಗಡ 8ನೇ ಶತಮಾನದಲ್ಲಿ ಇಂಥದೇ ತೂತಿನ ಕಾಸು ಹೊರಡಿಸಿತು. ಅದರ ಮೇಲೆ ಸೊಗ್ದಿ ಭಾಷೆಯಲ್ಲಿ 'ದೈವಾಂಶದ ತುರ್ಗೇಶ್ ಖಾಗನನ ಪನಿ' ಎಂದಿದೆ. ಇಲ್ಲಿ 'ಪನಿ' ಅಂದರೆ ಕಾಸು. ಈ ಮಾತು ಭಾರತದ 'ಪಣ'ದಿಂದ ಅಲ್ಲಿಗೆ ಹೋಯಿತು ಎನ್ನುವುದು ಭಾಷಾ ಪಂಡಿತರ ವಿವರಣೆ. ಅದೇ 'ಪಣ' ಹಳಗನ್ನಡ ದಾಟುವಾಗ ಪಕಾರ ಹಕಾರವಾಗಿ ನಮ್ಮಲ್ಲಿ 'ಹಣ' ಆಯಿತು. ಶಾಸನಗಳಲ್ಲಿ ಬರುವ 'ದ್ರಮ್ಮ' ಕೂಡ ಹೀಗೇ. ಗ್ರೀಕರ ದ್ರಾಖ್ಮಾ ಒಂದು ಕಡೆ ದಿರ್ಹಂ ಆಯಿತು, ಇನ್ನೊಂದು ಕಡೆ ದ್ರಮ್ಮ ಆಯಿತು. ನಾಣ್ಯ ಊರಲ್ಲೇ ಉಳಿದರೂ ನಾಣ್ಯದ ಹೆಸರಿಗೆ ಕಾಲು ಬಂದುಬಿಡುತ್ತದೆ.

ಬುಖಾರಾದವರು ಕೇಳಿ ಪಡೆದ ಕಪ್ಪು ಹಣ

ಊರ ಹಣ ಅಂದರೇನು ಅಂತ ತಿಳಿಯಲು ಬುಖಾರಾದ ಗಿತ್ರೀಫಿ ನಾಣ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇದನ್ನು ಬಿಡಿಸಿ ಹೇಳಲೇಬೇಕು. ಕಥೆ ಹೇಳಿದವನು ನರ್ಶಖಿ, 10ನೇ ಶತಮಾನದಲ್ಲಿ ಬುಖಾರಾದ ಚರಿತ್ರೆ ಬರೆದವನು.

8ನೇ ಶತಮಾನದ ಕೊನೆ. ಬುಖಾರಾವೂ ಸೇರಿದ್ದ ಖುರಾಸಾನ್ ಪ್ರಾಂತ್ಯಕ್ಕೆ ಗಿತ್ರೀಫ್ ಇಬ್ನ್ ಅತಾ ಅಧಿಕಾರಿಯಾಗಿ ಬಂದ. ಖಲೀಫ ಹಾರೂನ್ ಅಲ್ ರಶೀದನ ಸೋದರಮಾವ ಅವನು. ಬುಖಾರಾದ ಹಳೇ ಬೆಳ್ಳಿ ನಾಣ್ಯ ಅಷ್ಟರಲ್ಲಿ ಜನರ ಕೈಯಿಂದ ಮಾಯವಾಗಿತ್ತು. ಖ್ವಾರಜ್ಮ್‌ನ (ಪಕ್ಕದ ಸೀಮೆ) ನಾಣ್ಯ ಓಡಾಡುತ್ತಿತ್ತು, ಜನಕ್ಕೆ ಅದು ಒಗ್ಗುತ್ತಿರಲಿಲ್ಲ. ಊರ ಹಿರಿಯರು ಹೋಗಿ ಕೇಳಿಕೊಂಡರು: ನಮಗೊಂದು ನಾಣ್ಯ ಮಾಡಿಕೊಡಿ, ಆದರೆ ಅದನ್ನು ನಮ್ಮಿಂದ ಯಾರೂ ಹೊರಗೆ ಒಯ್ಯಬಾರದು.

ಕೋರಿಕೆ ವಿಚಿತ್ರ ಅನಿಸಬಹುದು. ಯೋಚಿಸಿದರೆ ಬಹಳ ಜಾಣತನದ್ದು. ಒಳ್ಳೇ ಬೆಳ್ಳಿ ಇದ್ದರೆ ವ್ಯಾಪಾರಿ ಅದನ್ನು ಹೊರಗೆ ಒಯ್ಯುತ್ತಾನೆ, ಊರಲ್ಲಿ ಚಿಲ್ಲರೆಗೆ ಬರ ಬರುತ್ತದೆ. ಹೊರಗೆ ಯಾರೂ ಮುಟ್ಟದ ನಾಣ್ಯ ಆದರೆ ಎಲ್ಲಿಗೆ ಹೋಗುತ್ತದೆ? ಗಿತ್ರೀಫ್ ಚಿನ್ನ, ಬೆಳ್ಳಿ, ತಾಮ್ರ, ತವರ, ಸೀಸ, ಕಬ್ಬಿಣ, ಹೀಗೆ ಆರು ಲೋಹ ಬೆರೆಸಿ ಅಚ್ಚು ಹಾಕಿಸಿದ ಅನ್ನುತ್ತಾನೆ ನರ್ಶಖಿ. ಹಳೇ ಬುಖಾರಾ ನಾಣ್ಯದ ಚಿತ್ರವನ್ನೇ ಉಳಿಸಿ, ಹೆಸರು ಮಾತ್ರ ತನ್ನದು ಹಾಕಿಸಿದ.

ಬಂದ ನಾಣ್ಯ ಕಪ್ಪಗಿತ್ತು. ಕೇಳಿ ಪಡೆದ ಜನವೇ ಬೇಡ ಅಂದರು! ಆಗ ಅಧಿಕಾರಿಗಳು ಬಲವಂತದಿಂದ ದರ ಕಟ್ಟಿದರು. ಒಂದು ಬೆಳ್ಳಿ ದಿರ್ಹಂಗೆ ಆರು ಗಿತ್ರೀಫಿ. ಅದೇ ದರದಲ್ಲಿ ಕಂದಾಯವನ್ನೂ ಗಿತ್ರೀಫಿಗೆ ಬದಲಾಯಿಸಿದರು. ಮೊದಲು ಬುಖಾರಾದ ಕಂದಾಯ 2 ಲಕ್ಷ ಬೆಳ್ಳಿ ದಿರ್ಹಂಗಿಂತ ಸ್ವಲ್ಪ ಕಡಿಮೆ ಇತ್ತು. ಹೊಸ ಲೆಕ್ಕದಲ್ಲಿ ಅದು 10,68,567 ಗಿತ್ರೀಫಿ ಆಯಿತು. ಕಾಗದದ ಮೇಲೆ ಎರಡೂ ಒಂದೇ.

ಸಿಕ್ಕಿಹಾಕಿಕೊಂಡಿದ್ದು ಆಮೇಲೆ. ಕಂದಾಯ ಕಟ್ಟಲು ಎಲ್ಲರಿಗೂ ಗಿತ್ರೀಫಿಯೇ ಬೇಕು. ಹೊರಗಿನಿಂದ ತರಲು ಅದು ಬೇರೆಲ್ಲೂ ಇಲ್ಲ. ಬೇಡಿಕೆ ಕಟ್ಟಿಟ್ಟದ್ದು, ಪೂರೈಕೆ ಮಿತಿಯಲ್ಲಿ. ಕಪ್ಪು ನಾಣ್ಯದ ಬೆಲೆ ಏರುತ್ತಾ ಬಂತು, ಕೊನೆಗೆ ಬೆಳ್ಳಿಗೆ ಸಮನಾಯಿತು. ಆದರೆ ಕಂದಾಯದ ಅಂಕಿ 10,68,567ರಲ್ಲೇ ನಿಂತಿತ್ತು. ಅಂದರೆ ಒಂದು ಪೈಸೆ ಕಂದಾಯ ಏರಿಸದೆಯೇ ಸರಕಾರ ಆರು ಪಟ್ಟು ವಸೂಲಿ ಮಾಡಿತು. ಬೆಳ್ಳಿ ಕೊಡುತ್ತೇವೆ ಅಂದರೆ ಒಪ್ಪಲಿಲ್ಲ.

ಏರಿಕೆ ಅಲ್ಲಿಗೂ ನಿಲ್ಲಲಿಲ್ಲ. 835ರ ಹೊತ್ತಿಗೆ 100 ಅಪ್ಪಟ ಬೆಳ್ಳಿ ದಿರ್ಹಂ ಕೊಟ್ಟರೆ 85 ಗಿತ್ರೀಫಿ ಸಿಗುತ್ತಿತ್ತಂತೆ. ನರ್ಶಖಿಯ ಪುಸ್ತಕವನ್ನು ಅರಬ್ಬಿಯಿಂದ ಪಾರಸಿಗೆ ತಂದವನು 1128ರಲ್ಲಿ ತನ್ನ ಕಾಲದ ದರವನ್ನೂ ಸೇರಿಸಿದ್ದಾನೆ: 100ಕ್ಕೆ 70. ಬೆರಕೆ ಲೋಹದ ಕಪ್ಪು ಬಿಲ್ಲೆ ಅಪ್ಪಟ ಬೆಳ್ಳಿಗಿಂತ ದುಬಾರಿ!

ಇಲ್ಲಿ ಒಂದು ತಕರಾರು ಇದೆ. 921ರಲ್ಲಿ ಬುಖಾರಾ ಮೂಲಕ ಹಾದುಹೋದ ಬಾಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್, ಗಿತ್ರೀಫಿಯನ್ನು ತೂಗದೆ ಎಣಿಸಿ ಕೊಡುತ್ತಾರೆ, ಒಂದು ಬೆಳ್ಳಿ ದಿರ್ಹಂಗೆ ನೂರು ಅಂತ ಬರೆದಿದ್ದಾನೆ. ನರ್ಶಖಿಯ ಲೆಕ್ಕಕ್ಕೂ ಇದಕ್ಕೂ ತಾಳೆಯೇ ಆಗುವುದಿಲ್ಲ. ದಾರಿಹೋಕ ತಾಮ್ರದ ಫಲ್ಸನ್ನೂ ಗಿತ್ರೀಫಿಯನ್ನೂ ಒಂದೇ ಅಂದುಕೊಂಡಿರಬಹುದು. ಊರವನ ಲೆಕ್ಕವನ್ನು ಹೆಚ್ಚು ನಂಬಬೇಕು ಅನಿಸುತ್ತದೆ. ಆದರೆ ಇಬ್ನ್ ಫದ್ಲಾನ್ ಹೇಳಿದ ಇನ್ನೊಂದು ಸಂಗತಿ ಚೆನ್ನಾಗಿದೆ. ಮದುವೆಯ ಕರಾರಿನಲ್ಲಿ ವಧುದಕ್ಷಿಣೆ ಬರೆಯುವಾಗ 'ಇಷ್ಟು ಸಾವಿರ ಗಿತ್ರೀಫಿ' ಎಂದೇ ಬರೆಯುತ್ತಿದ್ದರಂತೆ. ಮನೆ, ಜಮೀನು ಮಾರುವಾಗಲೂ ಅಷ್ಟೇ. ಕಪ್ಪು ನಾಣ್ಯ ಊರಿನ ಮನಸ್ಸಿನಲ್ಲಿ ಅಷ್ಟು ಬೇರು ಬಿಟ್ಟಿತ್ತು.

ಒಂದು ಕಾಸು, ಮೂರು ಹೆಸರು

ಈಗ ಎರಡನೇ ಗೊಂದಲಕ್ಕೆ ಬರೋಣ. ಒಂದು ಫಲ್ಸನ್ನು ಹತ್ತಿರದಿಂದ ನೋಡಿ. ನಡುವೆ ಮೂರು ಸಾಲು: ಅಲ್ಲಾಹನ ಹೊರತು ದೇವರಿಲ್ಲ, ಅವನೊಬ್ಬನೇ, ಅವನಿಗೆ ಸಮನಿಲ್ಲ. ಸುತ್ತ ಅಂಚಿನಲ್ಲಿ ಉಂಗುರದಂತೆ ಬರಹ: ದೇವರ ಹೆಸರಲ್ಲಿ, ಈ ಫಲ್ಸ್ ಇಂಥ ಊರಲ್ಲಿ, ಇಂಥ ವರ್ಷ ಅಚ್ಚಾಯಿತು. ಬಿಲ್ಲೆ ಅಚ್ಚಿಗಿಂತ ಸ್ವಲ್ಪ ಚಿಕ್ಕದಾದರೆ, ಅಥವಾ ಸುತ್ತಿಗೆ ಏಟು ಕೊಂಚ ಓರೆಯಾದರೆ ಊರಿನ ಹೆಸರೇ ಹಾರಿಹೋಗುತ್ತದೆ. ಅದಕ್ಕೇ ಪೂರ್ತಿ ಓದಬಲ್ಲ ಫಲ್ಸ್ ಸಿಗುವುದು ಕಷ್ಟ.

ಅರಸರ ಹೆಸರು ಇನ್ನೊಂದು ಮುಖದಲ್ಲಿ. ಸಾಮಾನಿಗಳ ಕಾಲದಲ್ಲಿ ಫರ್ಗಾನಾ ಕಣಿವೆಯ ಅಖ್ಸಿಕೆಂಟ್‌ನಂಥ ಊರುಗಳ ತಾಮ್ರದ ಮೇಲೆ ಸ್ಥಳೀಯ ಅಧಿಕಾರಿಗಳ ಹೆಸರೂ ಬರತೊಡಗಿತು. ಅಸಲಿ ಗೋಜಲು ಶುರುವಾಗಿದ್ದು 999ರಲ್ಲಿ. ಆ ವರ್ಷ ಕರಾಖಾನಿ ತುರ್ಕಿಯರ ನಸ್ರ್ ಇಬ್ನ್ ಅಲಿ ಬುಖಾರಾ ಹಿಡಿದ, ಸಾಮಾನಿಗಳ ಕಥೆ ಮುಗಿಯಿತು. ಕರಾಖಾನಿಗಳಲ್ಲಿ ರಾಜ್ಯ ಒಬ್ಬ ಅರಸನ ಆಸ್ತಿ ಆಗಿರಲಿಲ್ಲ, ಇಡೀ ಮನೆತನದ್ದು. ಅಣ್ಣ ತಮ್ಮಂದಿರು, ಮಕ್ಕಳು, ದಾಯಾದಿಗಳು ಊರೂರು ಹಂಚಿಕೊಂಡರು. ಹೀಗಾಗಿ ಒಂದು ಕಾಸಿನ ಮೇಲೆ ಬಾಗ್ದಾದಿನ ಖಲೀಫ, ಮೇಲಿನ ಖಾನ್, ಅವನ ಕೆಳಗಿನ ಇಲಿಗ್, ಅವನ ಕೆಳಗೆ ಊರಿನ ಒಡೆಯ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರು.

ಸಾಲದ್ದಕ್ಕೆ ಬಡ್ತಿ ಸಿಕ್ಕಾಗಲೆಲ್ಲ ಬಿರುದು ಬದಲಾಗುತ್ತಿತ್ತು. ತೆಗಿನ್ ಆಗಿದ್ದವನು ಇಲಿಗ್ ಆಗುತ್ತಾನೆ, ಇಲಿಗ್ ಖಾನ್ ಆಗುತ್ತಾನೆ. ಬಿಟ್ಟ ಹಳೇ ಬಿರುದನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ನಾಲ್ಕು ಬಿರುದು ಕಂಡರೆ ನಾಲ್ಕು ಜನವೋ, ಒಬ್ಬನೇ ನಾಲ್ಕು ಮೆಟ್ಟಿಲು ಹತ್ತಿದ್ದೋ?

ಕರಾಖಾನಿಗಳ ಬಗ್ಗೆ ಆ ಕಾಲದ ಬರಹ ಬಹಳ ಕಡಿಮೆ. ಅವರ ವಂಶಾವಳಿಯ ದೊಡ್ಡ ಭಾಗವನ್ನು ನಾಣ್ಯ ಜೋಡಿಸಿ ಜೋಡಿಸಿಯೇ ಕಟ್ಟಿದ್ದು. ಸೋವಿಯತ್ ಕಾಲದಿಂದ ಈ ಕೆಲಸಕ್ಕೆ ಜೀವ ತೇಯ್ದವರಲ್ಲಿ ಎಲೆನಾ ದಾವಿದೋವಿಚ್ ಮತ್ತು ಬೊರಿಸ್ ಕೊಚ್ನೆವ್ ಹೆಸರು ಮೊದಲು ಬರುತ್ತದೆ. ಪಟ್ಟ ಏರಿದ್ದು, ಊರು ಕೈ ಬದಲಾದದ್ದು, ತಮ್ಮ ಅಣ್ಣನ ವಿರುದ್ಧ ತಿರುಗಿಬಿದ್ದದ್ದು, ಎಲ್ಲವನ್ನೂ ಅವರು ಸವಕಲು ಕಾಸುಗಳ ಅಂಚಿನಿಂದ ಹೆಕ್ಕಿದರು.

ಇಲ್ಲಿ ಎರಡು ವಾದ ಇವೆ. ಮೊದಲನೆಯದು: ಕಾಸಿನ ಮೇಲೆ ಹೆಸರಿದ್ದರೆ ಅವನಿಗೆ ಆ ಊರಿನ ಮೇಲೆ ಹಕ್ಕಿತ್ತು, ಆದಾಯದಲ್ಲಿ ಪಾಲಿತ್ತು. ಎರಡನೆಯದು: ಅಷ್ಟು ನೆಚ್ಚಬೇಡಿ, ಕೊನೆಯಲ್ಲಿ ಬರುವ ಸಣ್ಣ ಹೆಸರು ಬರೀ ಟಂಕಸಾಲೆ ನೋಡಿಕೊಳ್ಳುವ ನೌಕರನದ್ದೂ ಆಗಿರಬಹುದು. ಯಾವುದು ಸರಿ ಅನ್ನುವುದರ ಮೇಲೆ ಇಡೀ ನಕ್ಷೆ ಬದಲಾಗುತ್ತದೆ. ಮೊದಲ ವಾದ ಹಿಡಿದರೆ ಮಧ್ಯ ಏಷ್ಯಾ ತುಂಬಾ ಪಾಳೆಯಪಟ್ಟುಗಳು. ಎರಡನೆಯದು ಹಿಡಿದರೆ ಅಷ್ಟೇನೂ ಒಡೆದಿರದ ಒಂದು ರಾಜ್ಯ. ಒಂದೇ ಹೆಸರು, ಬಿರುದಿನ ಸಮೇತ, ಎರಡು ಮೂರು ಊರಿನ ಕಾಸಿನ ಮೇಲೆ ಬಂದರೆ ಮೊದಲ ವಾದ ಗಟ್ಟಿ. ಬರೀ ಒಂದು ಊರಲ್ಲಿ, ಬಿರುದಿಲ್ಲದೆ ಬಂದರೆ ಕೈ ತಡೆಯುವುದು ಲೇಸು.

ಬೆಳ್ಳಿ ಹೆಸರು, ತಾಮ್ರದ ಮೈ

ಮೊದಲ ಗೊಂದಲ ನೆನಪಿದೆಯಲ್ಲ, ತಾಮ್ರಕ್ಕೆ ದಿರ್ಹಂ ಅನ್ನುವುದು? 11ನೇ ಶತಮಾನದಲ್ಲಿ ದಿರ್ಹಂನೊಳಗಿನ ಬೆಳ್ಳಿ ಇಳಿಯುತ್ತಾ ಬಂತು. ತಾಮ್ರ, ಸೀಸ ಏರುತ್ತಾ ಹೋಯಿತು. 12ನೇ ಶತಮಾನದ ಕೊನೆಗೆ ಉಳಿದದ್ದು ಬೆಳ್ಳಿ ನೀರು ಕುಡಿಸಿದ ತಾಮ್ರ, ನಮ್ಮ ಪಾತ್ರೆಗೆ ಕಲಾಯಿ ಹಾಕಿದ ಹಾಗೆ. ಬೆಳ್ಳಿ ಹೋದಂತೆ ನಾಣ್ಯ ಮಾತ್ರ ದೊಡ್ಡದಾಯಿತು. ಮಂಗೋಲರು ಬರುವ ಮುಂಚಿನ ಸಮರ್ಖಂಡದ ಕೆಲವು ದಿರ್ಹಂ 4 ಸೆಂಟಿಮೀಟರಿಗೂ ಅಗಲ. ಇವತ್ತಿನ 10 ರೂಪಾಯಿ ನಾಣ್ಯ 3 ಸೆಂಟಿಮೀಟರೂ ಇಲ್ಲ. ನೂರಾರು ವರ್ಷ ಮಣ್ಣಲ್ಲಿದ್ದಾಗ ಮೇಲಿನ ಕಲಾಯಿ ಹೋಗಿ, ಒಳಗಿನ ತಾಮ್ರ ಕಿಲುಬು ಹಿಡಿದು ಹೊರಬರುತ್ತದೆ. ಪತ್ರಿಕೆಯ ಚಿತ್ರದಲ್ಲಿ ಕಾಣುವುದು ಅದೇ.

ಬೆಳ್ಳಿ ಏಕೆ ಹೋಯಿತು? ಇಲ್ಲಿ ಜಗಳ ಇನ್ನೂ ಮುಗಿದಿಲ್ಲ. ಗಣಿ ಬರಿದಾಯಿತು ಅನ್ನುವವರಿದ್ದಾರೆ. ತಾಶ್ಕೆಂಟ್ ಹತ್ತಿರದ ಬೆಟ್ಟಗಳಲ್ಲಿ, ಅಫ್ಘಾನಿಸ್ತಾನದ ಪಂಜ್‌ಶೀರ್‌ನಲ್ಲಿ ಮೇಲುಮಟ್ಟದ ಅದಿರು ತೀರಿತು, ಕುಲುಮೆಗೆ ಬೇಕಾದ ಸೌದೆಯೂ ಖಾಲಿಯಾಯಿತು ಅಂತ ಅವರ ಮಾತು. ಎರಡು ಶತಮಾನ ಬೆಳ್ಳಿ ಉತ್ತರಕ್ಕೆ ಹರಿದು ಹೋದದ್ದೇ ಕಾರಣ ಅನ್ನುವವರು ಗಾಟ್ಲಂಡ್ ಕಡೆ ಬೆರಳು ತೋರಿಸುತ್ತಾರೆ. ಮೂರನೆಯವರು ಪ್ರಶ್ನೆಯನ್ನೇ ತಿರುಗಿಸುತ್ತಾರೆ. ಊರುಗಳು ಬೆಳೆದವು, ದಿನದ ವ್ಯವಹಾರ ಹೆಚ್ಚಿತು, ಇದ್ದ ಬೆಳ್ಳಿ ಸಾಲಲಿಲ್ಲ. ಬೆರಕೆ ನಾಣ್ಯ ಅವನತಿಯ ಗುರುತಲ್ಲ, ಬೆಳೆದ ಪೇಟೆಗೆ ಹೊಲಿದ ಅಂಗಿ ಅಂತ.

ಒಂದೇ ಕಾರಣಕ್ಕೆ ಜೋತುಬೀಳುವುದು ಕಷ್ಟ. ಇದೇ ಕಾಲದಲ್ಲಿ ಪಶ್ಚಿಮದಲ್ಲಿ ಸಿರಿಯಾ, ಈಜಿಪ್ಟ್‌ವರೆಗೂ ಬೆಳ್ಳಿ ಅಭಾವ ಇತ್ತು. ಹಾಗಿರುವಾಗ ತಾಶ್ಕೆಂಟ್ ಪಕ್ಕದ ಒಂದು ಗಣಿ ಬತ್ತಿದ್ದು ಪೂರ್ತಿ ಉತ್ತರ ಆಗಲಾರದು. ಮೂರನೇ ವಾದಕ್ಕೆ ಒಂದು ಬಲ ಇದೆ: ಬೆಳ್ಳಿ ಇಲ್ಲದ ಈ ಕಾಲದಲ್ಲೇ ಸಮರ್ಖಂಡ, ಬುಖಾರಾ ಪಾಳುಬೀಳಲಿಲ್ಲ, ಬೆಳೆದವು. ದೊಡ್ಡ ವ್ಯವಹಾರಕ್ಕೆ ಚಿನ್ನ ಇತ್ತು. ಪೇಟೆಗೆ ಊರ ಒಪ್ಪಂದದ ಕಲಾಯಿ ದಿರ್ಹಂ ನಡೆಯುತ್ತಿತ್ತು.

ಒಪ್ಪಂದ ಮುರಿದದ್ದು 1220ರಲ್ಲಿ. ಚೆಂಗೀಸ್ ಖಾನನ ಸೇನೆ ಬುಖಾರಾ, ಸಮರ್ಖಂಡ ಎರಡನ್ನೂ ಹಿಡಿಯಿತು. ಅಪ್ಪಣೆ ಕೊಡುವವನೇ ಓಡಿಹೋದ ಮೇಲೆ ಅಪ್ಪಣೆಯ ಹಣಕ್ಕೆ ಏನು ಬೆಲೆ? ಆಮೇಲಿನ ದಶಕಗಳಲ್ಲಿ ಸಮರ್ಖಂಡದಲ್ಲಿ ಮತ್ತೆ ಕಲಾಯಿ ದಿರ್ಹಂ ಹೊರಡಿಸಿದಾಗ ಅದರ ಮೇಲೆ ಅರಬ್ಬಿ ಬಿಟ್ಟು ಜನರಾಡುವ ಪಾರಸಿಯಲ್ಲಿ ಬರೆಸಿದರು: ಸಮರ್ಖಂಡ ಮತ್ತು ಸುತ್ತಮುತ್ತ ಇದನ್ನು ಯಾರು ತೆಗೆದುಕೊಳ್ಳುವುದಿಲ್ಲವೋ ಅವನು ಗುನಾಹ್‌ಗಾರ, ಅಂದರೆ ಅಪರಾಧಿ. ನಾಣ್ಯವೇ ಬೆದರಿಕೆ ಹಾಕುತ್ತಿದೆ ಅಂದರೆ ಅಂಗಡಿಯವರು ಅದನ್ನು ಹೇಗೆ ನೋಡುತ್ತಿದ್ದರು ಅಂತ ಊಹಿಸಬಹುದು.

ಪರಿಹಾರ ಬಂದದ್ದು 1271ರಲ್ಲಿ. ಮಂಗೋಲರ ಅಧಿಕಾರಿ ಮಸೂದ್ ಬೇಗ್ ಅಪ್ಪಟ ಬೆಳ್ಳಿಯ ನಾಣ್ಯ ಶುರುಮಾಡಿದ. ಯಾರು ಬೇಕಾದರೂ ಬೆಳ್ಳಿ ತಂದು, ಶುಲ್ಕ ಕೊಟ್ಟು, ಟಂಕಸಾಲೆಯಲ್ಲಿ ಅಚ್ಚು ಹಾಕಿಸಬಹುದು. ಬಚ್ಚಿಟ್ಟ ಬೆಳ್ಳಿ ನಿಧಾನವಾಗಿ ಹೊರಬಂತು.

832 ದಾಟದ ಇಸವಿ

ಮೂರನೇ ಗೊಂದಲ ಉಲುಘ್ ಬೇಗ್‌ನದು. ತೈಮೂರನ ಮೊಮ್ಮಗ, ಸಮರ್ಖಂಡದಲ್ಲಿ ದೊಡ್ಡ ವೀಕ್ಷಣಾಲಯ ಕಟ್ಟಿಸಿ 1437ರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮುಗಿಸಿದವನು. ವರ್ಷದ ಉದ್ದವನ್ನು ನಿಮಿಷ ಸೆಕೆಂಡಿನ ಮಟ್ಟಕ್ಕೆ ಲೆಕ್ಕ ಹಾಕಿದ ಈ ಮನುಷ್ಯನ ತಾಮ್ರದ ಕಾಸಿನಲ್ಲಿ ಮಾತ್ರ ವರ್ಷ ಮುಂದಕ್ಕೆ ಹೋಗುವುದೇ ಇಲ್ಲ!

ಅವನಿಗಿಂತ ಮೊದಲು ತಾಮ್ರದ ಆಟ ಹೀಗಿತ್ತು. ಸರಕಾರ ಹೊಸ ಕಾಸು ಹೊರಡಿಸುತ್ತದೆ, ಹಳೆಯದರ ಬೆಲೆ ಇಳಿಸುತ್ತದೆ. ಜನ ಹಳೆಯದನ್ನು ನಷ್ಟಕ್ಕೆ ಕೊಟ್ಟು ಹೊಸದು ಕೊಳ್ಳಬೇಕು. ನಡುವೆ ಚಿನಿವಾರನ ವಟ್ಟ ಬೇರೆ. 2016ರ ನೋಟು ರದ್ದತಿ ನೋಡಿದವರಿಗೆ ಸಾಲಿನ ಉದ್ದ ವಿವರಿಸಬೇಕಾಗಿಲ್ಲ. ಹಿಜರಿ 832ರಲ್ಲಿ, ಅಂದರೆ 1428-29ರಲ್ಲಿ, ಉಲುಘ್ ಬೇಗ್ ಹಳೇ ತಾಮ್ರವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಒಂದೇ ತೂಕದ ಹೊಸ ಕಾಸು ಹೊರಡಿಸಿದ. ಬದಲಾವಣೆ ಬೇಗ ಮುಗಿಯಲೆಂದು ಹಲವು ಊರುಗಳಲ್ಲಿ ಟಂಕಸಾಲೆ ತೆರೆಸಿದ. ಕೆಲಸ ಆದಮೇಲೆ ಅವನ್ನು ಮುಚ್ಚಿಸಿ ಬುಖಾರಾ ಒಂದನ್ನೇ ಉಳಿಸಿದ. ಅಲ್ಲಿಂದ ಮುಂದೆ ದಶಕಗಳ ಕಾಲ ಬುಖಾರಾ ಅಚ್ಚಿನಲ್ಲಿ 832 ಹಾಗೇ ಉಳಿಯಿತು.

ದಾವಿದೋವಿಚ್ ಕೊಟ್ಟ ವಿವರಣೆ ಮನಸ್ಸಿಗೆ ಒಪ್ಪುತ್ತದೆ. ಎಲ್ಲ ಕಾಸಿನ ಮೇಲೂ ಒಂದೇ ಇಸವಿ ಇದ್ದರೆ ಹಳೆಯದು ಯಾವುದು, ಹೊಸದು ಯಾವುದು? ಭೇದವೇ ಇಲ್ಲದ ಮೇಲೆ ರದ್ದು ಮಾಡುವ ಭಯವೂ ಇಲ್ಲ. ನಿಂತ ಇಸವಿಯೇ ಜನಕ್ಕೆ ಕೊಟ್ಟ ಮಾತು. ಆದರೆ ಇವತ್ತು ಒಂದು ಮನೆಯ ನೆಲದಡಿ 832ರ ಕಾಸು ಸಿಕ್ಕರೆ 'ಮನೆ 1428ರದು' ಅನ್ನಲಾಗದು. ಅದಕ್ಕಿಂತ ಹಳೆಯದಲ್ಲ ಅನ್ನಬಹುದು, ಅಷ್ಟೇ.

ಕೊಟ್ಟ ಮಾತು ಶತಮಾನದ ಕೊನೆಗೆ ಮುರಿಯಿತು. ತೈಮೂರನ ವಂಶದವರು ತಮ್ಮತಮ್ಮಲ್ಲೇ ಕಾದಾಡತೊಡಗಿದಾಗ ಹೊಸ ಕಾಸು ಹಾಕಿಸುವ ಪುರುಸೊತ್ತೂ ಇರಲಿಲ್ಲ. ಓಡಾಡುತ್ತಿದ್ದ ಕಾಸನ್ನೇ ತರಿಸಿ, ಮೇಲೊಂದು ಸಣ್ಣ ಮುದ್ರೆ ಒತ್ತಿ, ಶುಲ್ಕ ಕಿತ್ತು ಕಳಿಸುತ್ತಿದ್ದರು. ಮುದ್ರೆ ಇಲ್ಲದ ಕಾಸಿಗೆ ಬೆಲೆ ಕಡಿಮೆ. ಹಲವು ಮುದ್ರೆ ತಿಂದು ಮೂಲ ಅಕ್ಷರವೇ ಅಳಿಸಿಹೋದ ಕಾಸುಗಳಿವೆ.

ಈಗಿನ ಜಗಳ: ಹರಾಜಿನ ಕಾಸೋ, ಅಗೆತದ ಕಾಸೋ

ಲೋಹ ಶೋಧಕ ಯಂತ್ರ ಅಗ್ಗವಾದ ಮೇಲೆ ಮಧ್ಯ ಏಷ್ಯಾದ ದಿಬ್ಬಗಳಿಂದ ನಾಣ್ಯ ಎಗರಿಸುವುದು ಸುಲಭವಾಗಿದೆ. ಆನ್‌ಲೈನ್‌ನಲ್ಲಿ ತಾಮ್ರದ ಫುಲೂಸ್ ಕಡಿಮೆ ಬೆಲೆಗೆ, ಗುಂಪುಗುಂಪಾಗಿ ಮಾರಾಟಕ್ಕಿರುತ್ತವೆ. ಸಿಕ್ಕ ಜಾಗ ಕೇಳಿದರೆ 'ಮಧ್ಯ ಏಷ್ಯಾ' ಎಂಬ ಎರಡು ಮಾತು.

ಸಂಗ್ರಾಹಕರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕರಾಖಾನಿ ನಾಣ್ಯಗಳ ಎಷ್ಟೋ ಹೊಸ ಬಗೆಗಳು ಬೆಳಕಿಗೆ ಬಂದದ್ದು ಖಾಸಗಿ ಸಂಗ್ರಹಗಳಿಂದ. ವಸ್ತುಸಂಗ್ರಹಾಲಯಗಳ ಪೆಟ್ಟಿಗೆಯಲ್ಲಿ ಯಾರೂ ಓದದ ಕಾಸು ಬೇಕಾದಷ್ಟಿವೆ, ಆಸಕ್ತಿ ಇದ್ದವರ ಕೈಗಾದರೂ ಬರಲಿ ಅನ್ನುತ್ತಾರೆ ಅವರು.

ಪುರಾತತ್ವದವರ ಉತ್ತರ ತಾಮ್ರದ ಸ್ವಭಾವದಿಂದಲೇ ಬರುತ್ತದೆ. ಬೆಳ್ಳಿ ದಿರ್ಹಂ ಹೇಗೂ ಅಲೆಮಾರಿ, ಜಾಗ ತಿಳಿಯದಿದ್ದರೂ ಅದರ ಮೇಲಿನ ಬರಹ ಉಳಿಯುತ್ತದೆ. ತಾಮ್ರದ ಫಲ್ಸ್‌ನಲ್ಲಿ ಊರಿನ ಹೆಸರು ಅರ್ಧಕ್ಕರ್ಧ ಅಳಿಸಿರುತ್ತದೆ, ಅದು ಸಿಕ್ಕ ಜಾಗವೇ ಅಳಿದ ಹೆಸರನ್ನು ತುಂಬುವುದು. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಮಾರುವವನು ಚೆನ್ನಾಗಿರುವುದನ್ನು ಆರಿಸಿ, ಉಳಿದದ್ದನ್ನು ಗುಜರಿಗೆ ಹಾಕುತ್ತಾನೆ. ಒಂದು ಮನೆಯಲ್ಲಿ ಎಷ್ಟು ಕಾಸು, ಯಾವ ಊರಿನವು, ಯಾವುದರ ಜೊತೆ ಯಾವುದು ಇತ್ತು ಎನ್ನುವ ಲೆಕ್ಕ ಅಲ್ಲಿಗೆ ಹೋಯಿತು. 832ರ ಕಾಸಿನ ನಿಜವಾದ ವಯಸ್ಸು ತಿಳಿಯುವುದೇ ಅದರ ಪಕ್ಕ ಸಿಕ್ಕ ಬೆಳ್ಳಿಯಿಂದ, ಮಡಕೆ ಚೂರಿನಿಂದ.

ಕಾನೂನು ಒಂದೇ ಸಾಕಾಗದು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1878ರ ನಿಧಿ ಕಾಯಿದೆ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೊಲದಲ್ಲಿ ಸಿಕ್ಕ ಹಳೇ ದುಡ್ಡನ್ನು ಹಿಡಿದು ಕಚೇರಿಗೆ ಅಲೆಯುವವರು ಎಷ್ಟು ಜನ? ಇಂಗ್ಲೆಂಡ್ ಮತ್ತು ವೇಲ್ಸ್ 1997ರಿಂದ ಬೇರೆ ದಾರಿ ಹಿಡಿದಿವೆ. ಸಿಕ್ಕ ಸಣ್ಣಪುಟ್ಟ ವಸ್ತುವನ್ನು ಜನ ತಾವಾಗಿ ತೋರಿಸಬಹುದು, ಜಾಗ ದಾಖಲಾಗುತ್ತದೆ, ನಿಧಿ ಅನ್ನಿಸಿಕೊಳ್ಳದ ವಸ್ತು ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಇದು ಅಗೆಯುವವರಿಗೆ ಕುಮ್ಮಕ್ಕು ಕೊಟ್ಟಂತೆ ಅನ್ನುವ ಟೀಕೆಯೂ ಇದೆ. ಬಡ ಹಳ್ಳಿಗಳ ನಡುವೆ ಸಾವಿರಾರು ಕಾವಲಿಲ್ಲದ ದಿಬ್ಬಗಳಿರುವ ಮಧ್ಯ ಏಷ್ಯಾಕ್ಕೆ ಅದು ಹೊಂದುತ್ತದೆಯೇ ಎನ್ನುವ ಅನುಮಾನ ಸಹಜ.

ತುಗುನ್‌ಬುಲಾಕ್‌ನಲ್ಲಿ ಏನಾಗಬಹುದು

ಈ ಬೆಟ್ಟದ ಊರುಗಳು ಬೆಳೆದದ್ದು ಸುಮಾರು 6ರಿಂದ 11ನೇ ಶತಮಾನದ ನಡುವೆ. ಅಂದರೆ ಸೊಗ್ದಿಗಳ ತೂತಿನ ಕಾಸಿನಿಂದ ಕರಾಖಾನಿಗಳ ಮೂರು ಹೆಸರಿನ ಕಾಸಿನವರೆಗೆ. ಅಷ್ಟು ಎತ್ತರದಲ್ಲಿ ಬೇಸಾಯ ಕಷ್ಟ. ಕಬ್ಬಿಣ ಕರಗಿಸುವ ಕೆಲಸ ಊರನ್ನು ಸಾಕಿರಬೇಕು ಅನ್ನುವುದು ತಂಡದ ಅಂದಾಜು. ಹಾಗಾದರೆ ಪ್ರಶ್ನೆ ನೇರವಾಗಿದೆ: ಕಬ್ಬಿಣ ಮಾರಿ ಬಂದ ದುಡ್ಡು ಯಾವ ಊರಿನದು?

ಸಮರ್ಖಂಡದ ತಾಮ್ರ ಹೇರಳವಾಗಿ ಸಿಕ್ಕರೆ ಬೆಟ್ಟದ ಜನ ಬಯಲಿನ ಪೇಟೆಗೆ ಸೇರಿದವರು, ಅಲ್ಲಿನ ಅಪ್ಪಣೆಗೆ ತಲೆಬಾಗಿದವರು. ಬೆಳ್ಳಿ ಇದ್ದು ತಾಮ್ರ ಇಲ್ಲದಿದ್ದರೆ ಸಗಟು ವ್ಯಾಪಾರ ಇತ್ತು, ದಿನದ ಪೇಟೆ ಇರಲಿಲ್ಲ, ಒಳಗೆ ವಸ್ತು ಕೊಟ್ಟು ವಸ್ತು ಪಡೆಯುತ್ತಿದ್ದರು ಎಂದು ಊಹಿಸಬಹುದು. ಇದುವರೆಗೆ ಎಲ್ಲೂ ಓದದ ಊರಿನ ಹೆಸರು ಹೊತ್ತ ಕಾಸು ಮತ್ತೆ ಮತ್ತೆ ಸಿಕ್ಕರೆ, 2,000 ಮೀಟರ್ ಎತ್ತರದಲ್ಲಿ ಒಂದು ಟಂಕಸಾಲೆಯೇ ಇತ್ತು ಅಂತ ಆಗುತ್ತದೆ, ಕರಾಖಾನಿ ನಕ್ಷೆಗೆ ಒಂದು ಊರು ಸೇರುತ್ತದೆ.

120 ಹೆಕ್ಟೇರ್‌ನಲ್ಲಿ ಅಗೆದು ನೋಡಿರುವುದು ಸಣ್ಣ ಭಾಗ. ಪೂರ್ತಿ ನಕ್ಷೆ ಮಾತ್ರ ಈಗ ಜಗತ್ತಿಗೆಲ್ಲ ಗೊತ್ತು. ಅದು ಅಗೆತದವರಿಗೆ ಎಷ್ಟು ಅನುಕೂಲವೋ, ಲೋಹ ಶೋಧಕ ಹಿಡಿದು ರಾತ್ರಿ ಬರುವವನಿಗೂ ಅಷ್ಟೇ.